ಹಿಮ ಬಾಚುವ ಹಳೆ ಟ್ರ್ಯಾಕ್ಟರ್

ಆ ಟ್ರ್ಯಾಕ್ಟರ್ ನಮ್ಮ ಮನೆಗೆ ಬಂದ ದಿನ ಒಂದು ಹಾವು ಸತ್ತಿತು. ಮೆಲ್ಬರ್ನ್‌ನಿಂದ ಬಹಳ ದೂರದ ಒಂದು ಹಸುವಿನ ಫಾರ್ಮ್‌ನಲ್ಲಿ, ಎದೆಮಟ್ಟದ ಹುಲ್ಲಿನೊಳಗೆ ವರ್ಷಗಟ್ಟಲೆ ನಿಂತಿದ್ದ ಆ ಪುಟ್ಟ ಯಂತ್ರದ ಬಾನೆಟ್ಟನ್ನು ನನ್ನ ಗಂಡ ಎತ್ತಿದ. ಎಂಜಿನ್ನಿನ ಮಗ್ಗುಲಲ್ಲಿ ಇಲಿಗಳು ಗೂಡು ಮಾಡಿದ್ದವು. ಇಲಿ ಹುಡುಕಿ ಬಂದ ಕಂದು ಹಾವೊಂದು ಅಲ್ಲೇ ಸುತ್ತಿಕೊಂಡು ಮಲಗಿತ್ತು. ಅದು ಅವನ ಮುಂಗೈಗೆ ಎರಗಿತು; ಹಲ್ಲು ತಾಗುವ ಮೊದಲೇ ಅವನು ಬಾನೆಟ್ಟನ್ನು ಕೈಬಿಟ್ಟ. ದಪ್ಪ ತಗಡಿನ ಅಂಚು ಹಾವಿನ ನಡುವಿನ ಮೇಲೆ ಬಿತ್ತು. ತಲೆಯ ಕಡೆಯ ಅರ್ಧ ಹೊರಗೆ ಜೋತು ಬಿದ್ದು ಬಾಯಿ ತೆರೆದು ಮುಚ್ಚುತ್ತಲೇ ಇತ್ತು. ಫಾರ್ಮ್‌ನ ಒಡತಿ ಸಲಿಕೆ ತಂದು, ಮೂಲಂಗಿ ಹೆಚ್ಚಿದ ಹಾಗೆ ತಲೆ ತುಂಡರಿಸಿ, ಬೇಲಿಯಾಚೆ ಎಸೆದಳು. ಆಮೇಲೆ ಒಳಗೆ ಕರೆದು ಟೀ ಕೊಟ್ಟಳು.

"ಬೇಡ ಕಣೋ ಇದು," ಎಂದೆ ನಾನು. "ಶಕುನ ಗಿಕುನ ನಂಬೋಳಲ್ಲ, ಆದ್ರೂ ಬೇಡ."

"ಹಾವ ಹೋತು. ಟ್ರ್ಯಾಕ್ಟರ್ ಐತಿ," ಎಂದು ಅವನು ಟ್ರೇಲರಿಗೆ ಹಗ್ಗ ಬಿಗಿಯತೊಡಗಿದ.

ನಾವಿಬ್ಬರೂ ಓದಲು ಬಂದು ಇಲ್ಲೇ ಉಳಿದವರು. ನಾನು ತುಮಕೂರಿನವಳು, ಅವನು ಗದಗಿನವನು. ಒಂದೇ ಕ್ಲಾಸಿನಲ್ಲಿ ಪರಿಚಯವಾದದ್ದರಿಂದ ಮದುವೆಯಾದ ಮೇಲೂ ಇಬ್ಬರ ನಡುವೆ ಏಕವಚನವೇ ಉಳಿಯಿತು. ಇಲ್ಲೇ ಕಾಯಂ ನೆಲೆಸಲು ಪಿಆರ್ ಸಿಕ್ಕ ಮೇಲೆ ಮೆಲ್ಬರ್ನ್‌ನ ಪಶ್ಚಿಮದ ಅಂಚಿನ ವಿಂಡಮ್ ವೇಲ್‌ನಲ್ಲಿ ಮನೆ ಮಾಡಿದೆವು. ನನ್ನದು ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಆಫೀಸು ಸಿಡ್ನಿಯ ಮ್ಯಾಕ್ವೆರಿ ಪಾರ್ಕ್‌ನಲ್ಲಿ, ನಾನು ಮಾತ್ರ ಮನೆಯ ಮೂಲೆಯಲ್ಲಿ. ಅವನು ಮೆಲ್ಬರ್ನ್‌ನ ಇನ್ನೊಂದು ತುದಿಯ ಡ್ಯಾಂಡಿನಾಂಗ್‌ಗೆ ಹೋಗಿ ಗೋದಾಮೊಂದರ ಫೋರ್ಕ್‌ಲಿಫ್ಟ್‌ಗಳನ್ನು ರಿಪೇರಿ ಮಾಡುತ್ತಿದ್ದ. ಮೆತ್ತಗಿನ ಮನುಷ್ಯ. ಗೆಳೆಯರ ಮಕ್ಕಳು ಬೆನ್ನೇರಿ ಕೂದಲು ಜಗ್ಗಿದರೂ ನಗುವ ಅಂಕಲ್. ಅವನ ಒರಟುತನವೆಲ್ಲ ಕಬ್ಬಿಣದ ಮೇಲೆ ಮಾತ್ರ ಎಂದು ನಾನು ತಿಳಿದಿದ್ದೆ.

ಈ ಟ್ರ್ಯಾಕ್ಟರ್ ಹೊಲ ಉಳುವಂಥದ್ದಲ್ಲ. ನಮ್ಮ ಅಪ್ಪಂದಿರ ಹರೆಯದ ಕಾಲದಲ್ಲಿ, ದೊಡ್ಡ ಕೈತೋಟಗಳ ಹುಲ್ಲು ಕತ್ತರಿಸಲು ಮಾಡಿದ್ದು. ಎತ್ತರ ನನ್ನ ಸೊಂಟದಷ್ಟು. ಒಂದೇ ಸಿಲಿಂಡರಿನ, ಎರಕದ ಕಬ್ಬಿಣದ ಎಂಜಿನ್. ಈಗಿನ ಯಂತ್ರಗಳಲ್ಲಿ ಸೀಟಿನಿಂದ ಎದ್ದರೆ ಎಂಜಿನ್ ತಾನೇ ನಿಂತುಬಿಡುತ್ತದೆ. ಇದಕ್ಕೆ ಆ ದಯೆ ಗೊತ್ತಿಲ್ಲ. ಮೇಲೆ ಕೂತವನು ಬಿದ್ದರೂ ಅದು ತನ್ನ ಕೆಲಸ ಮುಂದುವರಿಸುತ್ತದೆ.

ಗ್ಯಾರೇಜು ಆ ಬೇಸಿಗೆಯಿಡೀ ಯುದ್ಧಭೂಮಿಯಾಗಿತ್ತು. ತುಕ್ಕು ಹಿಡಿದ ಚಕ್ರವನ್ನು ಬೆಂಕಿಯಲ್ಲಿ ಕಾಯಿಸಿ, ಸುತ್ತಿಗೆಯಿಂದ ಬಡಿದು, ಕೊನೆಗೆ ಬೋಲ್ಟ್ ಬಿಗಿದು ಎಳೆದಾಗ ಆ ಬೋಲ್ಟೇ ಮುರಿದು ತೆಳು ಹಲಗೆಯ ಗೋಡೆ ತೂರಿಕೊಂಡು ಬಂದು, ಪಕ್ಕದ ಕೋಣೆಯಲ್ಲಿ ಬಟ್ಟೆ ಮಡಚುತ್ತಿದ್ದ ನನ್ನ ಕಾಲಬಳಿ ಬಿತ್ತು. ಇನ್ನೊಂದು ದಿನ ಹಗ್ಗ ಸುತ್ತಿ ಎಳೆದು ಚಾಲೂ ಮಾಡುವಾಗ ಎಂಜಿನ್ ಉಲ್ಟಾ ಒದೆಯಿತು. ಹಗ್ಗದ ತುದಿಯ ಮರದ ಹಿಡಿ ಹಾರಿ ಬಂದು ಅವನ ಮೇಲ್ದುಟಿಯನ್ನು ಸೀಳಿತು. ಹೊಲಿಗೆ ಹಾಕಿಸಿಕೊಂಡು ಬಂದವನು ಊದಿದ ತುಟಿಯಲ್ಲೇ, "ಜೀವ ಐತಿ ಇದರಾಗ," ಎಂದ. ಅವನ ಶರ್ಟಿನ ಎದೆಯೆಲ್ಲ ರಕ್ತವಾಗಿತ್ತು. ನನಗೆ ಅದು ಆಗ ತಮಾಷೆಯಾಗಿಯೇ ಕಂಡಿತು.

ಬಳಗದವರು ಯುಗಾದಿ ಊಟಕ್ಕೆ ಬಂದಾಗ ಗ್ಯಾರೇಜು ನೋಡಿ, ಆ ಟ್ರ್ಯಾಕ್ಟರಿನಿಂದ ಹಿಮ ಬಾಚಬೇಕೆಂಬ ಅವನ ಹೊಸ ಆಸೆ ಕೇಳಿ ನಕ್ಕರು. ವಿಂಡಮ್ ವೇಲ್‌ನಲ್ಲಿ ಹಿಮವೇ ಬೀಳುವುದಿಲ್ಲ. ಹಿಮ ಬೀಳುವುದು ಈಶಾನ್ಯದ ಎತ್ತರದ ಗುಡ್ಡಗಳ ಮೇಲೆ, ಕಾರಿನಲ್ಲಿ ಅರ್ಧ ದಿನದ ದಾರಿ. ಅಲ್ಲಿ ಒಬ್ಬ ವಿಧವೆ ಮುದುಕಿ ಸಣ್ಣದೊಂದು ಲಾಡ್ಜ್ ನಡೆಸುತ್ತಿದ್ದಳು. ಅವಳ ಗಂಡನೂ ಇಂಥದೇ ಟ್ರ್ಯಾಕ್ಟರ್ ಇಟ್ಟುಕೊಂಡಿದ್ದವನು; ಅದರ ಮುಂದೆ ಕಟ್ಟುವ, ಹಿಮ ಎಸೆಯುವ ಯಂತ್ರ ಅವಳ ಶೆಡ್ಡಿನಲ್ಲಿ ಉಳಿದಿತ್ತು. ನನ್ನ ಗಂಡ ಅದನ್ನು ಕೊಳ್ಳಲು ಫೋನ್ ಮಾಡಿದ. ಮುದುಕಿ, "ಮಾರುವುದಿಲ್ಲ. ಬಂದು ನನ್ನ ಓಣಿ ಬಾಚಿಕೊಡುವುದಾದರೆ ಸುಮ್ಮನೆ ತೆಗೆದುಕೊಂಡು ಹೋಗು," ಎಂದಳಂತೆ.

ಹಾಗೆ ಚಳಿಗಾಲದ ವಾರಾಂತ್ಯಗಳಲ್ಲಿ ನಾವು ಗುಡ್ಡ ಹತ್ತತೊಡಗಿದೆವು. ಹಿಂದಿನ ಚಕ್ರಗಳಿಗೆ ಸರಪಳಿ ಸುತ್ತಿ, ಭಾರಕ್ಕೆ ಹಿಂದೆ ಕಾಂಕ್ರೀಟ್ ದಿಮ್ಮಿ ಕಟ್ಟಿ, ಮುಂದೆ ಆ ಯಂತ್ರವನ್ನು ಜೋಡಿಸುತ್ತಿದ್ದ. ಅದೊಂದು ಬಾಯಿ ತೆರೆದ ಉಕ್ಕಿನ ಪೆಟ್ಟಿಗೆ. ಒಳಗೆ ಅಡ್ಡಲಾಗಿ ಸುರುಳಿ ಅಲಗು ತಿರುಗುತ್ತದೆ. ಹಿಮವನ್ನು ಅಗಿದು, ಮೇಲಿನ ಸೊಂಡಿಲಿನಿಂದ ದೂರಕ್ಕೆ ಉಗುಳುತ್ತದೆ. ಇಲ್ಲಿನ ಹಿಮ ಚಿತ್ರಗಳಲ್ಲಿ ಕಾಣುವ ಹತ್ತಿಯಲ್ಲ. ನೆಂದ ಸಿಮೆಂಟಿನಂತೆ ಭಾರ. ಸೊಂಡಿಲು ಕಟ್ಟಿಕೊಂಡರೆ ಅವನು ಎಂಜಿನ್ ನಿಲ್ಲಿಸಿ ಇಳಿದು, ಕೋಲಿನಿಂದ ತಿವಿದು ಬಿಡಿಸುತ್ತಿದ್ದ. ಎಷ್ಟೇ ಅವಸರವಿದ್ದರೂ ಕೈ ಹಾಕುತ್ತಿರಲಿಲ್ಲ. ನಾನು ಸಲಿಕೆ ಹಿಡಿದು ಮೆಟ್ಟಿಲು ಬಾಚುತ್ತಿದ್ದೆ. ಕೈ ಮರಗಟ್ಟುವಂಥ ಚಳಿಯಲ್ಲೂ ಬೆನ್ನು ಬೆವರುತ್ತಿತ್ತು. ಮುದುಕಿಯ ಅಡುಗೆಮನೆಯ ಸೂಪು ಕುಡಿಯುವಾಗ ನಾವಿಬ್ಬರೂ ಬಹಳ ದಿನದ ಮೇಲೆ ಖುಷಿಯಾಗಿದ್ದೇವೆ ಅನ್ನಿಸುತ್ತಿತ್ತು.

ಆ ಗುಡ್ಡದ ಹಿಮವನ್ನೆಲ್ಲ ಬಾಚುತ್ತಿದ್ದವನು ಒಬ್ಬ ಕಂಟ್ರಾಕ್ಟರ್. ಕೆಳಗಿನ ಕಣಿವೆಯ ಊರಿನವನು, ನಲವತ್ತರ ಆಸುಪಾಸು, ಬಾಗಿಲಿನಷ್ಟು ಅಗಲದ ಆಳು. ಅವನ ಅಪ್ಪನೂ ಅದೇ ಕೆಲಸ ಮಾಡಿದವನಂತೆ. ಅವನ ಹಳದಿ ಯಂತ್ರ ನಮ್ಮ ಟ್ರ್ಯಾಕ್ಟರಿನ ನಾಲ್ಕರಷ್ಟಿತ್ತು. ಆದರೆ ಲಾಡ್ಜುಗಳ ನಡುವಿನ ಇಕ್ಕಟ್ಟು ಓಣಿಗಳಲ್ಲಿ ಅದು ನುಗ್ಗುತ್ತಿರಲಿಲ್ಲ. ಮುದುಕಿಯ ಓಣಿ ನೋಡಿ ಪಕ್ಕದವರೂ ನಮ್ಮನ್ನು ಕರೆದರು. ಅಲ್ಲಿಗೆ ಅವನ ಹಗೆ ಶುರುವಾಯಿತು.

ಮೊದಲು ನಮ್ಮ ಟ್ರೇಲರಿನ ಮೇಲೆ ಒಂದಾಳೆತ್ತರ ಹಿಮ ತಂದು ಸುರಿದ. ಮುಂದಿನ ವಾರ ನಮ್ಮ ಕಾರಿನ ಎರಡು ಟೈರುಗಳಿಗೆ ಚಾಕು ಹಾಕಿದ್ದರು. ಯಾರೆಂದು ನಾವು ನೋಡಲಿಲ್ಲ. ಒಂದು ಸಲ ಓಣಿಯ ಬಾಯಲ್ಲಿ ಕಂಟ್ರಾಕ್ಟರ್ ತನ್ನ ಯಂತ್ರದ ಬಕೆಟ್ಟನ್ನು ನನ್ನ ಗಂಡನ ಎದೆಯಿಂದ ಒಂದು ಗೇಣು ದೂರಕ್ಕೆ ತಂದು ನಿಲ್ಲಿಸಿ, ಕಿಟಕಿಯಿಂದ ಬಗ್ಗಿ, ನೀವು ಬಂದ ಕಡೆ ಹಿಮ ಇಲ್ಲದಿದ್ದರೆ ನನ್ನ ಗುಡ್ಡಕ್ಕೇಕೆ ಬಂದಿರಿ ಎಂದು ಕೇಳಿದ. ಜೊತೆಗೆ ಇನ್ನೆರಡು ಮಾತು ಸೇರಿಸಿದ, ಅವನ್ನು ಇಲ್ಲಿ ಬರೆಯಲಾರೆ.

"ಪೊಲೀಸ್‌ಗೆ ಹೇಳೋಣ," ಎಂದೆ.

"ಏನಂತ ಹೇಳೂದು? ಹಿಮ ಸುರದಾನ ಅಂತನಾ?" ಅವನು ನಕ್ಕ. ಆದರೆ ಕಾರಿನಲ್ಲಿ ಬರುವಾಗ ಸ್ಟಿಯರಿಂಗ್ ಹಿಡಿದ ಅವನ ಬೆರಳ ಗೆಣ್ಣುಗಳು ಬೆಳ್ಳಗಾಗಿದ್ದವು.

ಅದು ನಡೆದದ್ದು ಒಂದು ಶನಿವಾರ ಬೆಳಿಗ್ಗೆ. ವಾರವಿಡೀ ಸುರಿದ ಹಿಮ ಓಣಿಯಲ್ಲಿ ನನ್ನ ತೊಡೆಯವರೆಗೆ ನಿಂತಿತ್ತು. ಗಂಡ ಟ್ರ್ಯಾಕ್ಟರ್ ಮೇಲೆ, ನಾನು ಅವನ ಹಿಂದೆ ಸಲಿಕೆಯೊಂದಿಗೆ. ಓಣಿಯ ತುದಿಯ ರಸ್ತೆಯಲ್ಲಿ ಹಳದಿ ಯಂತ್ರ ಕೆಲಸ ಮಾಡುತ್ತಿತ್ತು. ಹಿಮದಡಿ ಹೂತಿದ್ದ ಒಂದು ಕಲ್ಲು ನಮ್ಮ ಸುರುಳಿ ಅಲಗಿಗೆ ಸಿಕ್ಕಿತು. ಲೋಹ ಕಿರುಚಿದ ಸದ್ದಾಯಿತು. ಕಲ್ಲು ಸೊಂಡಿಲಿನಿಂದ ಗುಂಡಿನಂತೆ ಹಾರಿ ಹಳದಿ ಯಂತ್ರದ ಪಕ್ಕದ ಗಾಜನ್ನು ಪುಡಿ ಮಾಡಿತು.

ಕಂಟ್ರಾಕ್ಟರ್ ಇಳಿದು ಬಂದಾಗ ಅವನ ಕಿವಿಯಿಂದ ರಕ್ತ ಸುರಿಯುತ್ತಿತ್ತು. ಕೈಯಲ್ಲಿ ಗಟ್ಟಿ ಮಂಜು ಒಡೆಯುವ ಕಬ್ಬಿಣದ ಹಾರೆ. ಜಾರದಿರಲೆಂದು ಅದರ ತುದಿಗೊಂದು ಚರ್ಮದ ಪಟ್ಟಿ ಹಾಕಿ ಮಣಿಕಟ್ಟಿಗೆ ಸುತ್ತಿಕೊಂಡಿದ್ದ. ನನ್ನ ಗಂಡ ಸೀಟಿನಿಂದ ಜಿಗಿದು, ಎರಡೂ ಕೈ ಮೇಲೆತ್ತಿ, "ಸಾರಿ, ಸಾರಿ, ಕಲ್ಲು ಕಾಣಲಿಲ್ಲ," ಎಂದು ಇಂಗ್ಲಿಷಿನಲ್ಲಿ ಹೇಳುತ್ತ ಎದುರು ಹೋದ. ಅವನು ಇವನನ್ನು ನೋಡಲೇ ಇಲ್ಲ. ನೇರ ಟ್ರ್ಯಾಕ್ಟರಿಗೆ ಹೋಗಿ ಹಾರೆ ಎತ್ತಿದ. ಮೊದಲ ಏಟಿಗೆ ಬಾನೆಟ್ ಕುಸಿಯಿತು. ಎರಡನೆಯದಕ್ಕೆ ದೀಪಗಳು ಹೋದವು. ಆಮೇಲಿನವು ಸ್ಟಿಯರಿಂಗ್ ಕೆಳಗಿನ ಫಲಕಕ್ಕೆ ಬಿದ್ದವು. ಕೀಲಿ ಹಾಕುವ ಸ್ವಿಚ್ಚು ಒಡೆದು ತಂತಿಗಳ ಮೇಲೆ ನೇತಾಡಿತು, ಅಲಗನ್ನು ನಿಲ್ಲಿಸುವ ಲಿವರು ಬಾಗಿ ಸಿಕ್ಕಿಕೊಂಡಿತು. ಎಂಜಿನ್ ಮಾತ್ರ ಗುಡುಗುತ್ತಲೇ ಇತ್ತು. ಅಲಗು ತಿರುಗುತ್ತಲೇ ಇತ್ತು.

ಗಂಡ ಅವನ ತೋಳು ಹಿಡಿದ. ಅವನು ಮೊಣಕೈ ಬೀಸಿದ. ಗಂಡನ ಮೂಗಿನ ಮೂಳೆ ಮುರಿದದ್ದು ನನಗೆ ಕೇಳಿಸಿತು, ಒಣ ಕಡ್ಡಿ ಮುರಿದ ಹಾಗೆ.

ಆಮೇಲೆ ನಾನು ಕಂಡದ್ದು ನನಗೆ ಗೊತ್ತಿಲ್ಲದ ಗಂಡಸನ್ನು. ನನ್ನ ಗಂಡ ತಲೆ ತಗ್ಗಿಸಿ ಹೋರಿಯಂತೆ ನುಗ್ಗಿ ಆ ದೊಡ್ಡ ದೇಹವನ್ನು ಹಿಮದಲ್ಲಿ ಕೆಡವಿದ. ಎದೆಯ ಮೇಲೆ ಮಂಡಿಯೂರಿ ಕೂತು ಮುಖಕ್ಕೆ ಗುದ್ದಿದ. ಗುದ್ದುತ್ತಲೇ ಇದ್ದ. ಪ್ರತಿ ಗುದ್ದಿಗೂ ಅವನ ಮೂಗಿನ ರಕ್ತ ಕೆಳಗಿನವನ ಮುಖಕ್ಕೆ ತೊಟ್ಟಿಕ್ಕುತ್ತಿತ್ತು. ಯಾವ ರಕ್ತ ಯಾರದೆಂದು ತಿಳಿಯುತ್ತಿರಲಿಲ್ಲ. "ಬಿಡೋ, ಸಾಕು ಬಿಡೋ, ಸಾಯ್ತಾನೆ," ಎಂದು ನಾನು ಹಿಂದಿನಿಂದ ಅವನ ಕಾಲರ್ ಹಿಡಿದು ಎಳೆದೆ. ತೋಳು ಝಾಡಿಸಿದ. ನಾನು ಹೋಗಿ ಗೋಡೆಗೆ ಬಡಿದುಕೊಂಡು ಬಿದ್ದೆ. ನನ್ನ ಹಲ್ಲು ನಾಲಿಗೆಯೊಳಗೆ ಇಳಿಯಿತು. ಬಿದ್ದ ನನ್ನನ್ನು ನೋಡಿ ಅವನು ಗುದ್ದುವುದನ್ನು ನಿಲ್ಲಿಸಿ ಎದ್ದ, ಎರಡು ಹೆಜ್ಜೆ ಹಿಂದೆ ಸರಿದ.

ಕಂಟ್ರಾಕ್ಟರ್ ತೆವಳಿ ಎದ್ದ. ಒಂದು ಕಣ್ಣು ಆಗಲೇ ಮುಚ್ಚಿಹೋಗಿತ್ತು. ಅವನು ನಮ್ಮ ಕಡೆ ಬರಲಿಲ್ಲ. ಹಾರೆಯನ್ನು ಈಟಿಯಂತೆ ಹಿಡಿದು, ತಿರುಗುವ ಅಲಗನ್ನೇ ಮುರಿಯುವೆನೆಂದು ಪೆಟ್ಟಿಗೆಯ ಬಾಯಿಗೆ ತಿವಿದ. ಅಲಗು ಹಾರೆಯನ್ನು ಕಚ್ಚಿ ಒಳಕ್ಕೆ ಸುತ್ತಿಕೊಂಡಿತು. ಮಣಿಕಟ್ಟಿನ ಪಟ್ಟಿ ಅವನ ಕೈಯನ್ನೂ ಜೊತೆಗೆ ಎಳೆದೊಯ್ದಿತು.

ಅವನ ಕೂಗಿಗಿಂತ ಬೆಲ್ಟು ಸುಡುವ ವಾಸನೆ ನನಗೆ ಮೊದಲು ತಲುಪಿತು. ಅಲಗು ಹಾರೆಗೆ ಸಿಕ್ಕಿ ನಿಂತು ನಿಂತು ತಿರುಗುತ್ತಿತ್ತು. ಒಂದೊಂದು ಎಳೆತಕ್ಕೂ ಅವನು ಇಷ್ಟಿಷ್ಟೇ ಒಳಗೆ ಹೋಗುತ್ತಿದ್ದ. ನನ್ನ ಗಂಡ ಅವನಿಗೆ ನನಗಿಂತ ಹತ್ತಿರದಲ್ಲಿದ್ದ. ಅವನು ನಿಂತೇ ಇದ್ದ. ಕೈಗಳು ಪಕ್ಕದಲ್ಲಿ ಜೋತಿದ್ದವು, ಕಣ್ಣು ಆ ಪೆಟ್ಟಿಗೆಯ ಮೇಲಿತ್ತು.

"ನಿಲ್ಸೋ ಅದನ್ನ," ಎಂದು ಕೂಗಿದೆ. ಅವನು ಕದಲಲಿಲ್ಲ.

ನಾನೇ ಓಡಿದೆ. ಕೀಲಿ ಇರಲಿಲ್ಲ. ಲಿವರು ಅಲುಗಲಿಲ್ಲ. ಕುಸಿದ ಬಾನೆಟ್ಟಿನ ಪಕ್ಕದಿಂದ ಕೈ ತೂರಿಸಿ, ಎಂಜಿನ್ನಿನ ನೆತ್ತಿಗೆ ಬರುವ, ಕಿಡಿ ಹೊತ್ತಿಸುವ ದಪ್ಪ ಪ್ಲಗ್ ವೈರನ್ನು ಹಿಡಿದು ಎಳೆದೆ. ಒದ್ದೆ ಕೈಗವಸಿನ ಮೂಲಕ ಕರೆಂಟು ಭುಜದವರೆಗೆ ಒದೆಯಿತು. ಇನ್ನೊಂದು ಸಲ ಎಳೆದೆ, ಇನ್ನೊಂದು ಸಲ ಒದೆಯಿತು, ವೈರು ಕಿತ್ತು ಬಂತು. ಎಂಜಿನ್ ಸತ್ತಿತು.

ಅದರ ಸದ್ದಡಗಿದ್ದೇ ಗಂಡನಿಗೆ ಎಚ್ಚರವಾಯಿತು. ಅವನು ಓಡಿ ಬಂದು ಹಿಮದಲ್ಲಿ ಅಂಗಾತ ಮಲಗಿ ಪೆಟ್ಟಿಗೆಯ ಪಕ್ಕದಲ್ಲಿ ಅಲಗನ್ನು ತಿರುಗಿಸುವ ಚಕ್ರಕ್ಕೆ ಎರಡೂ ಕೈ ಹಾಕಿದ. "ಅವನ ಮೊಣಕೈ ಹಿಡಕೋ. ಗಟ್ಟಿ ಹಿಡಕೋ. ಉಲ್ಟಾ ತಿರಗಸತೀನಿ. ನಾ ಹೇಳೂತನಕ ಎಳೀಬ್ಯಾಡ."

ಕಂಟ್ರಾಕ್ಟರನ ತಲೆ ನನ್ನ ಎದೆಗೆ ಒರಗಿತ್ತು. ಅವನು ನನ್ನ ಜಾಕೆಟ್ಟಿನ ತೋಳನ್ನು ಕಚ್ಚಿ ಹಿಡಿದಿದ್ದ. ಅಲಗು ಒಂದೊಂದೇ ಬೆರಳಗಲ ಹಿಂದಕ್ಕೆ ತಿರುಗಿತು. ಗಂಡ ಇಂಗ್ಲಿಷಿನಲ್ಲಿ ಅವನಿಗೆ, "ನನ್ನನ್ನೇ ನೋಡು, ಕೈ ನೋಡಬೇಡ," ಎನ್ನುತ್ತಿದ್ದ. ಮುರಿದ ಮೂಗಿನಿಂದ ಆ ಮಾತು ಶೀತವಾದ ಮಗುವಿನದರಂತೆ ಬರುತ್ತಿತ್ತು. ಕೊನೆಗೆ "ಈಗ" ಎಂದ. ಎಳೆದೆ. ಬಂದದ್ದನ್ನು ಮುದುಕಿ ತಂದ ಟವೆಲಿನಲ್ಲಿ ಸುತ್ತಿದೆವು. ಅವಳೇ ಅಷ್ಟರಲ್ಲಿ ಫೋನ್ ಮಾಡಿದ್ದಳು. ಆಂಬುಲೆನ್ಸ್ ಅವನನ್ನು ಕೆಳಗೆ ಒಯ್ದಿತು. ಎರಡು ಬೆರಳು ಹೋದವು, ಮೂರನೆಯದು ಅರ್ಧ ಉಳಿಯಿತು.

ಕಣಿವೆಯ ಠಾಣೆಯಲ್ಲಿ ಅಂದೇ ನಮ್ಮ ಹೇಳಿಕೆ ಪಡೆದರು. ಆ ಹೊತ್ತಿಗೆ ಕಂಟ್ರಾಕ್ಟರ್ ಆಸ್ಪತ್ರೆಯಲ್ಲಿ, ತನ್ನ ಕೈಯನ್ನು ಯಂತ್ರಕ್ಕೆ ತುರುಕಿದ್ದು ನನ್ನ ಗಂಡನೇ ಎಂದು ಹೇಳಿಯಾಗಿತ್ತು. ಪೊಲೀಸ್ ಹೆಣ್ಣುಮಗಳು ನನ್ನನ್ನು ಕೇಳಿದಳು: ಆ ಕ್ಷಣದಲ್ಲಿ ನಿನ್ನ ಗಂಡ ಅವನನ್ನು ಮುಟ್ಟಿದನೇ? ಇಲ್ಲ ಎಂದೆ. ಅದು ನಿಜ. ಅಡುಗೆಮನೆಯ ಕಿಟಕಿಯಿಂದ ನೋಡಿದ ಮುದುಕಿಯೂ ಅದನ್ನೇ ಹೇಳಿದಳು. ಆಮೇಲೆ ಅವನೇನು ಮಾಡಿದ ಎಂದು ಪೊಲೀಸಿನವಳು ಕೇಳಿದಳು. ಕೈ ಬಿಡಿಸಿದ ಎಂದೆ. ಅದೂ ನಿಜ. ಎರಡರ ನಡುವೆ ಏನಿತ್ತೆಂದು ಯಾರೂ ಕೇಳಲಿಲ್ಲ.

ಮೆಲ್ಬರ್ನ್‌ಗೆ ಮರಳುವಾಗ ನಾನೇ ಕಾರು ಓಡಿಸಿದೆ. ಹತ್ತಿ ತುರುಕಿದ ಮೂಗಿನೊಂದಿಗೆ ಅವನು ಪಕ್ಕದಲ್ಲಿ ಕೂತಿದ್ದ. ಬಹಳ ದೂರ ಬಂದ ಮೇಲೆ ಬಾಯಿ ಬಿಟ್ಟ.

"ನೀ ನೋಡಿದಿ ಅಲ್ಲಾ?"

"ನೋಡಿದೆ."

"ಕೈಕಾಲ ಆಡಲಿಲ್ಲ ಅಂತ ಹೇಳಬೇಕಂತ ಮಾಡಿದ್ದೆ," ಎಂದ. "ಸುಳ್ಳ ಅದು. ಆಡತಿದ್ದೂ. ನಾನ ಆಡಸಲಿಲ್ಲ."

ನಾನು ರಸ್ತೆಯ ಮೇಲೆ ಕಣ್ಣಿಟ್ಟು ಕಾರು ಓಡಿಸಿದೆ. 

ಮುಂದಿನ ವಾರ ನಾನು ಆಫೀಸಿನ ಕೆಲಸದ ನೆಪ ಮಾಡಿಕೊಂಡು ಸಿಡ್ನಿಗೆ ಹೋಗಿ ಅಕ್ಕನ ಮನೆಯಲ್ಲಿ ಉಳಿದೆ. ದಿನಾ ಮೆಟ್ರೋ ಹಿಡಿದು ಮ್ಯಾಕ್ವೆರಿ ಪಾರ್ಕ್‌ಗೆ ಹೋಗಿ, ಗಾಜಿನ ಕಟ್ಟಡದಲ್ಲಿ ಕೂತು, ಎದುರಿನ ತೆರೆಯಲ್ಲಿ ಏನಿದೆಯೆಂದು ಕಾಣದೆ ಸಂಜೆ ಮಾಡುತ್ತಿದ್ದೆ. ಊಟಕ್ಕೆ ಕೂತರೆ ಅವನ ಗುದ್ದುವ ಕೈ ಕಾಣುತ್ತಿತ್ತು. ಅದಕ್ಕಿಂತ ಹೆಚ್ಚಾಗಿ ಜೋತಿದ್ದ ಕೈ. ನನ್ನ ಭುಜದ ನೀಲಿ ಕಲೆ ನೋಡಿ ಅಕ್ಕ ಬಾಗಿಲು ಮುಚ್ಚಿ ಬಂದು ಕೇಳಿದಳು, "ನಿಜ ಹೇಳೇ. ನಿನ್ನ ಹೊಡೀತಾನಾ ಅವನು?"

"ಇಲ್ಲಕ್ಕ. ಬಿಡಿಸೋಕೆ ಹೋಗಿ ಬಿದ್ದೆ."

"ಹಂಗಾದ್ರೆ ಯಾಕೆ ಇಲ್ಲಿ ಬಂದು ಕೂತಿದೀಯ?"

 ಅವನು ಕೆಟ್ಟವನೆಂದು ನನಗೆ ಅನ್ನಿಸಿರಲಿಲ್ಲ. ಇಷ್ಟು ವರ್ಷ ಪಕ್ಕದಲ್ಲಿ ಮಲಗಿದವನೊಳಗೆ ಏನೇನಿದೆ ಎಂದು ತಿಳಿಯದೆ ಮತ್ತೆ ಪಕ್ಕದಲ್ಲಿ ಮಲಗುವುದು ಹೇಗೆಂದು ಗೊತ್ತಾಗುತ್ತಿರಲಿಲ್ಲ, ಅಷ್ಟೇ.

ಒಂದು ಭಾನುವಾರ ಅವನ ಫೋನ್ ಬಂತು. ಮಾತು ತೊದಲುತ್ತಿತ್ತು. ಕುಡಿದಿದ್ದಾನೆ ಅಂದುಕೊಂಡೆ.

"ಅವನ ಮನೀಗೆ ಹೋಗಿದ್ದೆ," ಎಂದ.

ಹೋಗಕೂಡದೆಂದು ಈ ಕೇಸಿಗೆ ನಾವು ಗೊತ್ತುಮಾಡಿದ್ದ ವಕೀಲರು ಸ್ಪಷ್ಟವಾಗಿ ಹೇಳಿದ್ದರು. ಅದನ್ನು ನೆನಪಿಸಿದೆ.

"ಗೊತ್ತೈತಿ. ಬಾಗಲಾ ತಗದ. ಕೈಗೆ ಇಷ್ಟ ದೊಡ್ಡ ಬ್ಯಾಂಡೇಜ್. 'ನೀನು ನಿಂತು ನೋಡಿದೆ' ಅಂದ. ಹೌದು, ನಿಂತಿದ್ದೆ ಅಂದೆ."

"ಆಮೇಲೆ?"

"ಎಡಗೈಲೆ ಹೊಡದ. ಒಂದ ಏಟ. ಮುಂದಿನ ಹಲ್ಲು ಹೋತು." ಅವನೇ ಸೇರಿಸಿದ, "ನಾ ಕೈ ಎತ್ತಲಿಲ್ಲ. ಬಾಗಲಾ ಹಾಕ್ಕೊಂಡ. ಬಂದೆ."

ನಾನು ಮಾರನೆಯ ದಿನದ ವಿಮಾನ ಬುಕ್ ಮಾಡಿದೆ. ಬಂದು ನೋಡಿದರೆ ಅವನ ಮುಖ ಒಂದು ಕಡೆ ಕುಂಬಳಕಾಯಿಯಾಗಿತ್ತು. ಅನ್ನ ಮೆತ್ತಗೆ ಬೇಯಿಸಿ ಮೊಸರು ಕಲಸಿ ಕೊಟ್ಟೆ. ಅವನು ಉಣ್ಣುತ್ತ ಅತ್ತ. ನಾನು ಎದುರು ಕೂತು ನೋಡಿದೆ. ಕೆಲವು ದಿನಗಳಾದ ಮೇಲೆ ಠಾಣೆಯಿಂದ ಸುದ್ದಿ ಬಂತು. ಕಂಟ್ರಾಕ್ಟರ್ ತನ್ನ ಮೊದಲ ಮಾತನ್ನು ಹಿಂತೆಗೆದುಕೊಂಡಿದ್ದ. ಹಾರೆ ತಿವಿದದ್ದು ತಾನೇ ಎಂದು ಒಪ್ಪಿದ್ದ. ಹೊಡೆದಾಟಕ್ಕೆ ಇಬ್ಬರಿಗೂ ಎಚ್ಚರಿಕೆ ಕೊಟ್ಟು ಬಿಟ್ಟರು. ಹಲ್ಲಿನ ವಿಷಯ ಅವನೂ ಹೇಳಲಿಲ್ಲ, ನಾವೂ ಹೇಳಲಿಲ್ಲ.

ಟ್ರ್ಯಾಕ್ಟರು ಮುದುಕಿಯ ಶೆಡ್ಡಿನಲ್ಲೇ ಬೇಸಿಗೆ ಕಳೆಯಿತು. ಗಂಡ ಅದರ ಹೆಸರೆತ್ತಲಿಲ್ಲ. ಎಲೆ ಉದುರುವ ಕಾಲ ಮುಗಿದು ಮತ್ತೆ ಚಳಿ ಹತ್ತಿರವಾದಾಗ ಮುದುಕಿ ನನಗೇ ಫೋನ್ ಮಾಡಿ, ಈ ವರ್ಷ ಓಣಿ ಯಾರು ಬಾಚುತ್ತಾರೆ ಎಂದು ಕೇಳಿದಳು. ನಾನು ಅವನಿಗೆ ಹೇಳಿದೆ. ಮೂರನೆಯ ದಿನ ಅವನು ಹೊಸ ಸ್ವಿಚ್ಚು ತಂದ. ಸೀಟಿನಡಿ ಹಾಕುವಂಥದ್ದು, ಎದ್ದರೆ ಎಂಜಿನ್ ನಿಲ್ಲುತ್ತದೆ. ಗುಡ್ಡಕ್ಕೆ ಹೋಗಿ ಅದನ್ನು ಜೋಡಿಸಿದ. ಬಾಗಿದ ಲಿವರನ್ನು ಕಾಯಿಸಿ ನೆಟ್ಟಗೆ ಮಾಡಿ, ಕುಸಿದ ಬಾನೆಟ್ಟಿನ ಜಾಗಕ್ಕೆ ಹೊಸದು ಹಾಕಿದ. ಪೆಟ್ಟಿಗೆಯ ಒಳಗನ್ನು ಬಿಸಿನೀರಿನಲ್ಲಿ ಉಜ್ಜಿದ್ದು ನಾನು.

ಕಂಟ್ರಾಕ್ಟರ್ ಅಲ್ಲೇ ಇದ್ದ. ಹಳದಿ ಯಂತ್ರದ ಹಿಡಿಕೆಗೆ ಏನೋ ಹೊಸ ಕೊಕ್ಕೆ ಹಾಕಿಸಿಕೊಂಡು, ಉಳಿದ ಬೆರಳುಗಳಲ್ಲೇ ಅದನ್ನು ಓಡಿಸುತ್ತಿದ್ದ. ಎದುರಾದರೆ ಎರಡೂ ಕಡೆಯವರು ಬೇರೆಡೆ ನೋಡುತ್ತಿದ್ದೆವು.

ಜುಲೈನ ಒಂದು ಬೆಳಿಗ್ಗೆ ಓಣಿಯ ತಿರುವಿನಲ್ಲಿ ನಮ್ಮ ಟ್ರ್ಯಾಕ್ಟರ್ ಗಾಜಿನಂಥ ಮಂಜಿನ ಮೇಲೆ ಜಾರಿ, ಗಂಡನ ಸಮೇತ ಪಕ್ಕದ ಚರಂಡಿಗೆ ಉರುಳಿತು. ಅವನ ಒಂದು ಕಾಲು ಚಕ್ರದ ಕೆಳಗೆ ಸಿಕ್ಕಿತು. ಸೀಟು ಬಿಟ್ಟದ್ದರಿಂದ ಎಂಜಿನ್ ನಿಂತಿತ್ತು. ನಾನು ಸಲಿಕೆಯಿಂದ ಹಿಮ ಅಗೆಯುತ್ತಿದ್ದೆ. ಅಗೆದಷ್ಟೂ ಯಂತ್ರ ಕೆಳಗೆ ಕೂರುತ್ತಿತ್ತು, ಅವನು ಹಲ್ಲು ಕಚ್ಚಿ ಮುಲುಗುತ್ತಿದ್ದ. ಆಗ ಹಳದಿ ಯಂತ್ರದ ಸದ್ದು ಹತ್ತಿರ ಬಂತು.

ಕಂಟ್ರಾಕ್ಟರ್ ಇಳಿದ. ಚರಂಡಿಯ ಅಂಚಿಗೆ ಬಂದು ನಿಂತ. ಕೆಳಗೆ ಬಿದ್ದವನನ್ನು ನೋಡಿದ, ಕೆಳಗಿನವನು ಅವನನ್ನು ನೋಡಿದ.  ನಾನು ಸಲಿಕೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಅವನು ಇನ್ನೊಂದು ಹೆಜ್ಜೆ ತಪ್ಪಾಗಿ ಇಟ್ಟಿದ್ದರೆ ಬೀಸುತ್ತಿದ್ದೆ.

ಅವನು ತಿರುಗಿ ಹೋಗಿ ಸರಪಳಿ ತಂದ. ಮೊಂಡು ಕೈಯಲ್ಲಿ ಅದನ್ನು ನಮ್ಮ ಟ್ರ್ಯಾಕ್ಟರಿಗೆ ಸಿಕ್ಕಿಸಲು ಬಹಳ ಹೊತ್ತು ಹಿಡಿಯಿತು. ನಾನು ಸಹಾಯಕ್ಕೆ ಬಗ್ಗಿದಾಗ ಭುಜದಿಂದ ನನ್ನನ್ನು ಪಕ್ಕಕ್ಕೆ ತಳ್ಳಿದ. ಹಳದಿ ಯಂತ್ರ ಎಳೆಯಿತು. ಟ್ರ್ಯಾಕ್ಟರ್ ಮೇಲೆದ್ದಿತು, ಗಂಡನ ಕಾಲು ಹೊರಬಂತು. ಮೀನಖಂಡದ ಚರ್ಮ ಕಿತ್ತಿತ್ತು, ಮೂಳೆ ಉಳಿದಿತ್ತು.

"ಥ್ಯಾಂಕ್ಸ್," ಎಂದ ಗಂಡ.

ಕಂಟ್ರಾಕ್ಟರ್ ಸರಪಳಿ ಬಿಚ್ಚಿ, ಅದನ್ನು ತನ್ನ ಯಂತ್ರಕ್ಕೆ ಹಾಕುವ ಮೊದಲು ಒಮ್ಮೆ ಮೇಲೆತ್ತಿ, ನಮ್ಮ ಹೊಸ ಬಾನೆಟ್ಟಿನ ಮೇಲೆ ಶಕ್ತಿಮೀರಿ ಅಪ್ಪಳಿಸಿದ. ತಗಡು ಬೋಗುಣಿಯಂತೆ ತಗ್ಗಾಯಿತು. ನನ್ನ ಗಂಡ ಕೂತಲ್ಲೇ ಕೂತಿದ್ದ. ಕಂಟ್ರಾಕ್ಟರ್ ಸರಪಳಿ ಸುತ್ತಿಕೊಂಡು ಹೊರಟುಹೋದ.

ನಾನು ಗಂಡನ ಕಾಲಿಗೆ ನನ್ನ ಮಫ್ಲರು ಬಿಗಿದೆ. ಅವನು ನನ್ನ ಭುಜ ಹಿಡಿದು ಎದ್ದು, ಒಂಟಿ ಕಾಲಲ್ಲಿ ನಿಂತು, ಬಾಕಿ ಉಳಿದ ಓಣಿಯತ್ತ ನೋಡಿದ.

"ನೀ ಹತ್ತು," ಎಂದ. "ನಾ ಹಿಂದಿಂದ ಹೇಳತೀನಿ."

ಮೊದಲ ಸಲ ನಾನು ಆ ಸೀಟಿನಲ್ಲಿ ಕೂತೆ.